ಮತ, ದಾನ, ಕಾಯಕ: ಪ್ರಜಾಪ್ರಭುತ್ವದಲ್ಲಿ ಪ್ರಜೆಯ ಪಾಲು

ಕನ್ನಡದಲ್ಲಿ ‘ಮತ’ ಎಂಬ ಶಬ್ದಕ್ಕೆ ಒಂದಕ್ಕಿಂತ ಹೆಚ್ಚು ಅರ್ಥಗಳುಂಟು. ಧರ್ಮಪಂಥ ಎಂಬುದು ಒಂದರ್ಥ; ಅಭಿಪ್ರಾಯ ಎಂಬುದು ಇನ್ನೊಂದು; ಚುನಾವಣೆಯಲ್ಲಿ ಪ್ರಜೆ ನೀಡುವ ಓಟು ಎಂಬುದು ಈಚಿನದು. ‘ಆಲೋಚಿಸು’ ಎಂಬ ಅರ್ಥವುಳ್ಳ ಸಂಸ್ಕೃತದ ‘ಮನ್’ ಧಾತುವಿನಿಂದ ಹುಟ್ಟಿದ ಈ ಶಬ್ದಕ್ಕೆ ‘ಆಲೋಚಿಸಲ್ಪಟ್ಟದ್ದು’ ಎಂಬುದೇ ಮೂಲಾರ್ಥ. ಆದುದರಿಂದ ಆಲೋಚನೆಯಿಲ್ಲದೆ ಒತ್ತಿದ ಗುಂಡಿ ಓಟಾಗಬಹುದೇ ಹೊರತು ಮತವಾಗಲಾರದು. ಈ ಶಬ್ದಕ್ಕೆ ‘ದಾನ’ವನ್ನು ಸೇರಿಸಿ ‘ಮತದಾನ’ ಎಂಬ ಸಮಾಸವನ್ನು ಮಾಡಿಕೊಂಡಿರುವುದೂ ಅರ್ಥಪೂರ್ಣವಾಗಿಯೇ ಇದೆ. ದಾನವೆಂದ ಮೇಲೆ ಅದಕ್ಕೆ ಪ್ರತಿಫಲವನ್ನು ಬಯಸಲಾಗದು. ಬೆಲೆ ಪಡೆದು ಕೊಟ್ಟದ್ದು ವಿಕ್ರಯವಾಗುತ್ತದೆ.

ಆದರೆ ಈ ಸಮಾಸದಲ್ಲಿ ಒಂದು ಅಪಾಯವೂ ಅಡಗಿದೆ. ದಾನ ಕೊಟ್ಟವನು ಕೈ ತೊಳೆದುಕೊಂಡು ಮನೆಗೆ ನಡೆಯುತ್ತಾನೆ. ಕೊಟ್ಟ ವಸ್ತು ಅನಂತರ ಏನಾಯಿತೆಂದು ಕೇಳುವುದು ಸೌಜನ್ಯವಲ್ಲವೆಂದು ಭಾವಿಸುತ್ತಾನೆ. ಐದು ವರ್ಷಕ್ಕೊಮ್ಮೆ ಮತವನ್ನು ‘ದಾನ’ ಮಾಡಿ, ಮಿಕ್ಕ ದಿನಗಳಲ್ಲಿ ರಾಜ್ಯಭಾರದ ಗೊಡವೆ ತನಗಿಲ್ಲವೆಂದು ಇರುವ ಪ್ರಜೆಯ ಸ್ಥಿತಿ ಇಂಥದೇ. ಪ್ರಜಾಪ್ರಭುತ್ವದಲ್ಲಿ ಪ್ರಜೆಯ ಪಾಲು ಒಂದು ದಿನದ ದಾನವೋ, ನಿತ್ಯದ ಕಾಯಕವೋ ಎಂಬುದು ಇಲ್ಲಿಯ ವಿಚಾರ.

ವಿಧಿಬದ್ಧ ಭಾಗವಹಿಕೆ ಎಂದರೇನು?

ರಾಜಕೀಯವನ್ನು ಕುರಿತ ಮಾತಿಗೆ ನಮ್ಮ ನಾಡಿನಲ್ಲಿ ಎಂದೂ ಬರವಿಲ್ಲ. ಊರಿನ ಅಗಸಿಯ ಕಟ್ಟೆಯ ಮೇಲೆ, ಚಹಾದಂಗಡಿಯ ಮುಂದೆ, ಸಂತೆಗೆ ಹೋಗುವ ಬಸ್ಸಿನಲ್ಲಿ ಸರ್ಕಾರಗಳು ದಿನಕ್ಕೆ ಹತ್ತು ಬಾರಿ ಬಿದ್ದು ಏಳುತ್ತವೆ. ಆದರೆ ಆ ಮಾತಿಗೆ ಉತ್ತರ ಕೊಡುವ ಹೊಣೆ ಯಾರಿಗೂ ಇಲ್ಲ. ಅದನ್ನು ಯಾರೂ ಬರೆದಿಡುವುದಿಲ್ಲ. ಮರುದಿನ ಅದು ಯಾರನ್ನೂ ಬಂಧಿಸುವುದಿಲ್ಲ. ವಿಧಿಬದ್ಧ ಭಾಗವಹಿಕೆ ಇದಕ್ಕಿಂತ ಭಿನ್ನವಾದುದು. ಅದಕ್ಕೆ ಮೂರು ಲಕ್ಷಣಗಳುಂಟು. ಭಾಗವಹಿಸುವವನ ಹೆಸರು ಒಂದು ಪಟ್ಟಿಯಲ್ಲಿರುತ್ತದೆ; ಅವನಾಡಿದ ಮಾತು ಅಥವಾ ಕೊಟ್ಟ ಮತ ದಾಖಲೆಯಾಗುತ್ತದೆ; ಆ ದಾಖಲೆಗೆ ಅಧಿಕಾರಸ್ಥಾನದಲ್ಲಿರುವವರು ಬದ್ಧರಾಗಿರುತ್ತಾರೆ. ಬಡವನ ಮಾತಿಗೂ ಸಿರಿವಂತನ ಮಾತಿಗೂ ಒಂದೇ ತೂಕ ಬರುವುದು ಇಂಥ ವಿಧಿಯೊಳಗೆ ಮಾತ್ರ. ವಿಧಿಯ ಹೊರಗೆ ಸಿರಿವಂತನಿಗೆ ಬೇರೆ ದಾರಿಗಳಿರುತ್ತವೆ, ಬಡವನಿಗೆ ಇರುವುದಿಲ್ಲ. ಆದುದರಿಂದ ವಿಧಿ ಸಡಿಲಗೊಂಡಾಗ ಮೊದಲು ನಷ್ಟವಾಗುವುದು ಬಡವನಿಗೆ.

ಕಲಬುರಗಿ ಜಿಲ್ಲೆಯ ಆಳಂದ ಭಾಗದ ಮಟಕಿಯಂಥ ಒಂದು ಊರನ್ನು ನಿದರ್ಶನಕ್ಕೆ ತೆಗೆದುಕೊಳ್ಳಬಹುದು. ಇಲ್ಲಿಯ ಮತದಾರನಿಗೆ ರಾಜ್ಯಾಂಗವೂ ಕಾಯ್ದೆಗಳೂ ಸೇರಿ ಐದು ಬಾಗಿಲುಗಳನ್ನು ತೆರೆದುಕೊಟ್ಟಿವೆ. ಗ್ರಾಮ ಪಂಚಾಯತಿ, ತಾಲ್ಲೂಕು ಪಂಚಾಯತಿ, ಜಿಲ್ಲಾ ಪಂಚಾಯತಿ, ಆಳಂದ ವಿಧಾನಸಭಾ ಕ್ಷೇತ್ರ ಮತ್ತು ಲೋಕಸಭೆ ಇವೇ ಆ ಐದು. ಆಳಂದವು ಕಲಬುರಗಿ ಜಿಲ್ಲೆಯಲ್ಲಿದ್ದರೂ ಲೋಕಸಭೆಗೆ ಬೀದರ ಕ್ಷೇತ್ರದೊಡನೆ ಸೇರುತ್ತದೆ. ನೆರೆಯ ಅಫಜಲಪುರ, ಜೇವರ್ಗಿಗಳು ಕಲಬುರಗಿ ಕ್ಷೇತ್ರದಲ್ಲಿವೆ. ಈ ಐದು ಚುನಾವಣೆಗಳ ನಡುವೆ ಸದಾ ತೆರೆದಿರಬೇಕಾದ ಇನ್ನೊಂದು ಅಂಗಳವೂ ಉಂಟು. ಅದೇ ವಾರ್ಡುಸಭೆ ಮತ್ತು ಗ್ರಾಮಸಭೆ. ಅಲ್ಲಿ ಪ್ರತಿನಿಧಿಯ ಮಧ್ಯಸ್ಥಿಕೆಯಿಲ್ಲದೆ ಮತದಾರನೇ ಸದಸ್ಯನು.

ಪಡೆದ ಬಗೆ

ಈ ಬಾಗಿಲುಗಳು ಈ ಪ್ರದೇಶಕ್ಕೆ ತಾವಾಗಿ ತೆರೆದುಕೊಂಡವಲ್ಲ. 1948ರವರೆಗೆ ಕಲಬುರಗಿ ಪ್ರಾಂತವು ಹೈದರಾಬಾದಿನ ನಿಜಾಮನ ಆಳ್ವಿಕೆಯಲ್ಲಿತ್ತು. ಎಷ್ಟೋ ಹಳ್ಳಿಗಳು ಜಾಗೀರುಗಳಿಗೂ ಪಾಯಗಾಗಳಿಗೂ ಸೇರಿದ್ದವು. ಆಡಳಿತದ ಭಾಷೆ ಉರ್ದು. ತನ್ನ ಹೊಲದ ಕಾಗದವನ್ನು ಓದಿಸಿಕೊಳ್ಳಲು ಕನ್ನಡದ ರೈತನು ಇನ್ನೊಬ್ಬನ ಮನೆಯ ಬಾಗಿಲಿಗೆ ಹೋಗಬೇಕಾಗಿತ್ತು. ಬೊಕ್ಕಸಕ್ಕೆ ತೆರಿಗೆ ಕೊಡುವ ಕೈಗೆ ಆ ಬೊಕ್ಕಸದ ಲೆಕ್ಕ ಕೇಳುವ ಹಕ್ಕಿರಲಿಲ್ಲ. ಜವಾಬ್ದಾರಿ ಸರ್ಕಾರ ಬೇಕೆಂದು ಕೇಳುವುದಕ್ಕಾಗಿ 1938ರಲ್ಲಿ ರೂಪುಗೊಂಡ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ಸಂಸ್ಥಾನವು ನಿಷೇಧಿಸಿತು. ಆ ನಿಷೇಧ ತೆರವಾಗಲು 1946ರವರೆಗೆ ಕಾಯಬೇಕಾಯಿತು. ಮುಂದಿನ ಎರಡು ವರ್ಷಗಳಲ್ಲಿ ರಜಾಕಾರರ ಹಾವಳಿ, ಸೊಲ್ಲಾಪುರ ಗಡಿಯ ಶಿಬಿರಗಳಲ್ಲಿ ನೆಲೆನಿಂತ ಹೋರಾಟಗಾರರ ಪ್ರತಿಭಟನೆ, ಕೊನೆಗೆ 1948ರ ಸೆಪ್ಟೆಂಬರ್ 17ರ ವಿಮೋಚನೆ, ಇವೆಲ್ಲ ಈ ಭಾಗದ ಹಿರಿಯರು ಮಕ್ಕಳಿಗೆ ಹೇಳುತ್ತ ಬಂದ ಸಂಗತಿಗಳು.

ಈ ಹೋರಾಟದ ಮುಂದಾಳು ಸ್ವಾಮಿ ರಾಮಾನಂದ ತೀರ್ಥರು. 1903ರಲ್ಲಿ ಸಿಂದಗಿಯಲ್ಲಿ ಜನಿಸಿದ ಅವರು ಸಂನ್ಯಾಸಿಗಳು. ಸಂಸ್ಥಾನ ಬಿಡುಗಡೆಯಾದ ಮೇಲೆ ತಮ್ಮ ಕಾರ್ಯ ಮುಗಿಯಿತೆಂದು ಅವರು ಆಶ್ರಮಕ್ಕೆ ಹಿಂದಿರುಗಲಿಲ್ಲ. 1952ರ ಪ್ರಥಮ ಮಹಾಚುನಾವಣೆಯಲ್ಲಿ ಗುಲ್ಬರ್ಗಾ ಕ್ಷೇತ್ರದಿಂದ ಜನರ ಮತವನ್ನು ಕೇಳಿ ಲೋಕಸಭೆಗೆ ಹೋದರು. ಆಸೆಗಳನ್ನು ತೊರೆದವರೊಬ್ಬರು ಮತಪೆಟ್ಟಿಗೆಯನ್ನು ತೊರೆಯಲಿಲ್ಲ ಎಂಬುದು ಮನನೀಯ. ಹೋರಾಟದಿಂದ ಬಂದ ಸ್ವಾತಂತ್ರ್ಯಕ್ಕೆ ವಿಧಿಯ ಚೌಕಟ್ಟು ದೊರೆಯದಿದ್ದರೆ ಅದು ಬಾಳದೆಂಬ ತಿಳಿವು ಅದರ ಹಿಂದಿದೆ.

ಆ ಮೊದಲ ಚುನಾವಣೆಯ ಒಂದು ಪ್ರಸಂಗ ಇಲ್ಲಿ ಉಲ್ಲೇಖಾರ್ಹ. ಮತದಾರರ ಪಟ್ಟಿಯನ್ನು ಸಿದ್ಧಪಡಿಸುವಾಗ ಉತ್ತರ ಭಾರತದ ಕೆಲವು ಪ್ರಾಂತಗಳಲ್ಲಿ ಅನೇಕ ಹೆಣ್ಣುಮಕ್ಕಳು ತಮ್ಮ ಹೆಸರನ್ನು ಹೇಳಲು ಒಪ್ಪದೆ ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದಷ್ಟೇ ಬರೆಸಿದರು. ಅಂದಿನ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನರು ಇದಕ್ಕೆ ಒಪ್ಪಲಿಲ್ಲ. ಪ್ರಜೆಯೆಂದರೆ ಸ್ವಂತ ಹೆಸರುಳ್ಳ ವ್ಯಕ್ತಿ ಎಂಬುದು ಅವರ ನಿಲುವು. ಇದರಿಂದ ಸುಮಾರು 28 ಲಕ್ಷ ಸ್ತ್ರೀಯರು ಆ ಬಾರಿ ಪಟ್ಟಿಯಿಂದ ಹೊರಗುಳಿದರು. ಕಠಿಣವೆನಿಸಿದರೂ ಅದರಲ್ಲಿ ಒಂದು ತತ್ತ್ವವಿತ್ತು. ಹೆಸರೇ ಭಾಗವಹಿಕೆಯ ಮೊದಲ ಮೆಟ್ಟಿಲು.

ಊರಿಗೆ ಬಂದ ಅಧಿಕಾರ

ವಿಧಾನಸಭೆ, ಲೋಕಸಭೆಗಳು ಹಳ್ಳಿಗೆ ದೂರ. ಪ್ರಜೆಯ ಕೈಗೆ ಎಟಕುವಷ್ಟು ಸಮೀಪಕ್ಕೆ ಅಧಿಕಾರವನ್ನು ತರುವ ಪ್ರಯತ್ನದಲ್ಲಿ ಕರ್ನಾಟಕವು ಇತರ ರಾಜ್ಯಗಳಿಗೆ ಮೇಲ್ಪಂಕ್ತಿಯಾಯಿತು. ಅಬ್ದುಲ್ ನಜೀರ್ ಸಾಬರು ಪಂಚಾಯತ್ ರಾಜ್ ಸಚಿವರಾಗಿದ್ದಾಗ ರೂಪುಗೊಂಡ 1983ರ ಕಾಯ್ದೆಯಂತೆ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಹಾಗೂ ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯಿತು. ಶೇ 25ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದು ಪಂಚಾಯತಿಗಳಿಗೆ ರಾಜ್ಯಾಂಗದ ರಕ್ಷೆ ದೊರೆಯಿತು. ಅದೇ ವರ್ಷ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯೂ ಬಂತು.

ಈ ಕಾಯ್ದೆಯಂತೆ ಸುಮಾರು 400 ಜನಸಂಖ್ಯೆಗೆ ಒಬ್ಬ ಗ್ರಾಮ ಪಂಚಾಯತಿ ಸದಸ್ಯ. ಎರಡು ಗ್ರಾಮಸಭೆಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರವಿರಕೂಡದು. ಸಭೆಗೆ ಮತದಾರರಲ್ಲಿ ಹತ್ತನೆಯ ಒಂದು ಪಾಲು ಅಥವಾ ನೂರು ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಂದಿಯಾದರೂ ಬಂದಿರಬೇಕು. ಬಂದವರಲ್ಲಿ ಶೇ 30ಕ್ಕೆ ಕಡಿಮೆಯಿಲ್ಲದಷ್ಟು ಸ್ತ್ರೀಯರಿರಬೇಕು. ಫಲಾನುಭವಿಗಳ ಆಯ್ಕೆ, ಕಾಮಗಾರಿಗಳ ಕ್ರಮ, ಖರ್ಚಿನ ಲೆಕ್ಕ ಎಲ್ಲವೂ ಇಲ್ಲಿ ಚರ್ಚೆಗೆ ಬರಬೇಕು. 2005ರ ಉದ್ಯೋಗ ಖಾತರಿ ಕಾಯ್ದೆಯು ಸಾಮಾಜಿಕ ಪರಿಶೋಧನೆಯನ್ನೂ ಗ್ರಾಮಸಭೆಯ ಮುಂದೆಯೇ ಇರಿಸಿತು. ಊರಿನ ಕೂಲಿಕಾರನೊಬ್ಬನು ಎದ್ದುನಿಂತು, ತಾನು ಮಾಡದ ಕೆಲಸಕ್ಕೆ ತನ್ನ ಹೆಸರಿನಲ್ಲಿ ಕೂಲಿ ಬರೆದದ್ದೇಕೆಂದು ಕೇಳಬಹುದಾದ, ಕೇಳಿದ್ದನ್ನು ದಾಖಲಿಸಲೇಬೇಕಾದ ಸ್ಥಾನ ಇದಕ್ಕಿಂತ ಬೇರೊಂದಿಲ್ಲ.

ಇಳಿಮುಖದ ಲಕ್ಷಣಗಳು

ಇಷ್ಟೆಲ್ಲ ಇದ್ದೂ ಭಾಗವಹಿಕೆ ಕುಗ್ಗಿದೆ ಎಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದಲ್ಲಿ ಶೇ 73ಕ್ಕೂ ಮೀರಿ ಮತದಾನವಾಯಿತು; ಅದು ಅಲ್ಲಿಯವರೆಗಿನ ದಾಖಲೆ. ಮತಗಟ್ಟೆಯ ಮುಂದಿನ ಸಾಲು ಮೊಟಕಾಗಿಲ್ಲ. ಕುಗ್ಗಿರುವುದು ಒಂದು ಮತದಾನಕ್ಕೂ ಇನ್ನೊಂದು ಮತದಾನಕ್ಕೂ ನಡುವಣ ಭಾಗವಹಿಕೆ. ದಾನ ಹೆಚ್ಚಿದೆ, ಕಾಯಕ ಕ್ಷೀಣಿಸಿದೆ.

ಇದರ ಮೊದಲನೆಯ ಲಕ್ಷಣವೆಂದರೆ ಬಾಗಿಲುಗಳೇ ಮುಚ್ಚಿದ್ದು. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯತಿಗಳಿಗೆ 2016ರ ಫೆಬ್ರವರಿಯಲ್ಲಿ ಚುನಾವಣೆ ನಡೆಯಿತು. 2021ರಲ್ಲಿ ಅವಧಿ ಮುಗಿಯಿತು. ಹಳೆಯ ಸಭೆಯ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಪೂರ್ಣಗೊಳ್ಳಬೇಕೆಂದು ರಾಜ್ಯಾಂಗದ 243ಇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. ಆದರೂ ಕ್ಷೇತ್ರ ವಿಂಗಡಣೆ, ಮೀಸಲಾತಿ ನಿರ್ಣಯ, ನ್ಯಾಯಾಲಯದ ವ್ಯಾಜ್ಯಗಳ ನಡುವೆ ವರ್ಷದ ಮೇಲೆ ವರ್ಷ ಉರುಳಿತು; ಚುನಾಯಿತರು ಕುಳಿತುಕೊಳ್ಳಬೇಕಾದ ಸ್ಥಾನದಲ್ಲಿ ಆಡಳಿತಾಧಿಕಾರಿಗಳು ಕುಳಿತರು. ರಾಜಧಾನಿಯ ಸ್ಥಿತಿಯೂ ಭಿನ್ನವಾಗಿರಲಿಲ್ಲ. ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಐದು ವರ್ಷಗಳು ಚುನಾಯಿತ ಸಭೆಯಿಲ್ಲದೆ ಕಳೆದುಹೋದವು. ಇದಕ್ಕಿಂತ ಕಳವಳದ ಸಂಗತಿಯೆಂದರೆ ಈ ಬಗ್ಗೆ ಜನರಲ್ಲಿ ದೊಡ್ಡ ಕೂಗೇಳಲಿಲ್ಲ. ಐದು ಬಾಗಿಲುಗಳಲ್ಲಿ ಎರಡು ಮುಚ್ಚಿದ್ದನ್ನು ಮನೆಯವರೇ ಗಮನಿಸಲಿಲ್ಲವೆಂದರೆ, ಆ ಬಾಗಿಲುಗಳಲ್ಲಿ ಅವರ ಓಡಾಟ ಮೊದಲೇ ನಿಂತಿತ್ತೆಂದು ತಿಳಿಯಬೇಕು.

ಎರಡನೆಯದು ಗ್ರಾಮಸಭೆಯ ಬರಿದುತನ. ಸಭೆ ನಡೆಯದೆ ನಡಾವಳಿ ಬರೆಯುವುದು, ಮನೆಮನೆಗೆ ಪುಸ್ತಕ ಕಳಿಸಿ ಸಹಿ ತರುವುದು ಹಲವೆಡೆ ರೂಢಿಯಾಗಿದೆ ಎಂಬ ದೂರು ಹಳೆಯದು. ಸ್ಥಾನಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ಮೀಸಲಾಗಿದ್ದರೂ ಸಹಿ ಮಾತ್ರ ಸದಸ್ಯೆಯದು, ಸಭೆಯಲ್ಲಿ ಮಾತು ಪತಿಯದು ಎಂಬಂಥ ದೃಶ್ಯ ಇನ್ನೂ ಅಪರೂಪವಾಗಿಲ್ಲ. ವಿಧಿಯ ಆಕಾರ ಉಳಿದು ಪ್ರಾಣ ಹೋಗುವುದೆಂದರೆ ಇದೇ.

ಮೂರನೆಯದು ಸ್ಥಾನಗಳ ಹರಾಜು. 2020ರ ಡಿಸೆಂಬರಿನ ಗ್ರಾಮ ಪಂಚಾಯತಿ ಚುನಾವಣೆಯ ಸಂದರ್ಭದಲ್ಲಿ ಬಳ್ಳಾರಿ, ಕಲಬುರಗಿ ಮೊದಲಾದ ಜಿಲ್ಲೆಗಳ ಕೆಲವು ಊರುಗಳಲ್ಲಿ ಸದಸ್ಯಸ್ಥಾನಗಳನ್ನು ಲಕ್ಷಗಟ್ಟಲೆ ರೂಪಾಯಿಗೆ ಕೂಗಿ, ಹೆಚ್ಚು ಹಣ ಕೊಟ್ಟವನನ್ನು ‘ಅವಿರೋಧ’ವಾಗಿ ಆರಿಸಿದ ಸುದ್ದಿಗಳು ಪತ್ರಿಕೆಗಳಲ್ಲಿ ಬಂದವು. ಇದು ಶಿಕ್ಷಾರ್ಹವೆಂದು ರಾಜ್ಯ ಚುನಾವಣಾ ಆಯೋಗವು ಎಚ್ಚರಿಸಬೇಕಾಯಿತು. ಗ್ರಾಮ ಪಂಚಾಯತಿಗೆ ಸ್ಪರ್ಧಿಸಲು ಕಾಯ್ದೆ ಕೇಳಿದ್ದ ಠೇವಣಿ ಸಾಮಾನ್ಯ ಅಭ್ಯರ್ಥಿಗೆ 200 ರೂಪಾಯಿ, ಮಹಿಳೆಯರಿಗೂ ಮೀಸಲು ವರ್ಗದವರಿಗೂ 100 ರೂಪಾಯಿ. ಕೂಲಿಕಾರನೂ ಒಳಗೆ ಬರಲೆಂದು ಕಾಯ್ದೆಯು ಇಷ್ಟು ತಗ್ಗಿಸಿದ ಹೊಸ್ತಿಲನ್ನು ಹರಾಜು ಲಕ್ಷಕ್ಕೆ ಏರಿಸಿತು.

ಹೀಗೆ ಬಂದ ಹಣವನ್ನು ಗುಡಿಯ ಜೀರ್ಣೋದ್ಧಾರಕ್ಕೆ ಬಳಸಲಾಗುವುದೆಂದು ಸಮರ್ಥಿಸಿಕೊಂಡವರುಂಟು. ಭಕ್ತಜನರು ವಿಶೇಷವಾಗಿ ಆಲೋಚಿಸಬೇಕಾದ ಸಂಗತಿ ಇದು. ಶರಣರ ದೃಷ್ಟಿಯಲ್ಲಿ ಕಾಯಕದಿಂದ ಬಂದ ಶುದ್ಧ ದ್ರವ್ಯವೇ ದಾಸೋಹಕ್ಕೆ ಯೋಗ್ಯ. ನೆರೆಯವನ ಮತದ ಹಕ್ಕನ್ನು ಅವನನ್ನು ಕೇಳದೆ ಮಾರಿ ಗಳಿಸಿದ ಹಣ ಆ ಶುದ್ಧಿಯ ಪರೀಕ್ಷೆಯಲ್ಲಿ ನಿಲ್ಲುವುದೇ? ಊರೆಲ್ಲ ಕುಳಿತು ಚರ್ಚಿಸಿ ಒಬ್ಬ ಯೋಗ್ಯನನ್ನು ಒಮ್ಮತದಿಂದ ಆರಿಸುವುದು ಬೇರೆ. ಅಲ್ಲಿ ‘ಮತ’ವುಂಟು, ಆಲೋಚನೆಯುಂಟು. ಹರಾಜಿನಲ್ಲಿರುವುದು ಬೆಲೆ ಮಾತ್ರ.

ಹೆಸರಿಗೆ ಬಂದ ಗಂಡಾಂತರ

ನಾಲ್ಕನೆಯ ಲಕ್ಷಣ ಆಳಂದದಲ್ಲಿಯೇ ಕಾಣಿಸಿಕೊಂಡಿತು. 2023ರ ವಿಧಾನಸಭಾ ಚುನಾವಣೆಗೆ ಕೆಲವು ತಿಂಗಳ ಮೊದಲು ಈ ಕ್ಷೇತ್ರದ ಮತದಾರರ ಹೆಸರುಗಳನ್ನು ಪಟ್ಟಿಯಿಂದ ತೆಗೆಯಬೇಕೆಂದು ಕೋರಿ 6,018 ಅರ್ಜಿಗಳು ಗಣಕಜಾಲದ ಮೂಲಕ ಬಂದವು. ಮತಗಟ್ಟೆಯ ಅಧಿಕಾರಿಯೊಬ್ಬರಿಗೆ ತಮ್ಮ ಬಂಧುವೊಬ್ಬರ ಹೆಸರನ್ನು ತೆಗೆಯುವ ಅರ್ಜಿ ಕಂಡು ಸಂಶಯ ಹುಟ್ಟಿತು. ವಿಚಾರಿಸಿದಾಗ ಅರ್ಜಿದಾರರೆಂದು ನಮೂದಾದವರಿಗೇ ಅದರ ಅರಿವಿರಲಿಲ್ಲ. ಸ್ಥಳ ಪರಿಶೀಲನೆಯ ಅನಂತರ ಅವುಗಳಲ್ಲಿ 24 ಮಾತ್ರ ಸರಿಯಾದವೆಂದೂ 5,994 ಸರಿಯಲ್ಲವೆಂದೂ ತಿಳಿದುಬಂದು, ಆ 5,994 ಹೆಸರುಗಳು ಪಟ್ಟಿಯಲ್ಲಿ ಉಳಿದವು. 2023ರ ಫೆಬ್ರವರಿಯಲ್ಲಿ ಪೊಲೀಸರಲ್ಲಿ ಮೊಕದ್ದಮೆ ದಾಖಲಾಯಿತು. 2025ರಲ್ಲಿ ರಾಜ್ಯ ಸರ್ಕಾರವು ವಿಶೇಷ ತನಿಖಾ ತಂಡವನ್ನು ನೇಮಿಸಿತು. ಇದನ್ನು ಯಾರು, ಯಾರಿಗಾಗಿ ಮಾಡಿದರೆಂಬುದನ್ನು ನಿರ್ಣಯಿಸುವ ಹೊಣೆ ನ್ಯಾಯಾಲಯದ್ದು.

ಇಲ್ಲಿ ಗಮನಿಸಬೇಕಾದುದು ಈ ಸಂಖ್ಯೆಗಳ ತೂಕ. 2018ರಲ್ಲಿ ಇದೇ ಆಳಂದದಲ್ಲಿ ಸೋಲು ಗೆಲುವುಗಳ ನಡುವಣ ಅಂತರ 697 ಮತಗಳು. ನೆರೆಯ ಜೇವರ್ಗಿಯಲ್ಲಿ 1972ರಿಂದ ಸತತವಾಗಿ ಗೆಲ್ಲುತ್ತ ಬಂದು ಮುಖ್ಯಮಂತ್ರಿಯೂ ಆಗಿದ್ದ ಧರ್ಮಸಿಂಗರು 2008ರಲ್ಲಿ ಸೋತದ್ದು ಕೇವಲ 70 ಮತಗಳಿಂದ. ದಕ್ಷಿಣದ ಸಂತೇಮರಹಳ್ಳಿಯಲ್ಲಿ 2004ರ ಚುನಾವಣೆ ಒಂದೇ ಒಂದು ಮತದಿಂದ ನಿರ್ಣಯವಾಯಿತು. ತನ್ನೊಂದು ಮತದಿಂದ ಆಗುವುದೇನೆಂದು ಉಪೇಕ್ಷಿಸುವವರಿಗೆ ಈ ಊರುಗಳು ಉತ್ತರ ಹೇಳುತ್ತವೆ. 1952ರಲ್ಲಿ ತಮ್ಮ ಹೆಸರು ಹೇಳಲು ಸಂಕೋಚಪಟ್ಟವರು ಪಟ್ಟಿಯಿಂದ ಹೊರಗುಳಿದರು. ಎಪ್ಪತ್ತು ವರ್ಷಗಳ ಮೇಲೆ ಪಟ್ಟಿಯಲ್ಲಿದ್ದ ಹೆಸರನ್ನು ಒಡೆಯರಿಗೆ ತಿಳಿಯದಂತೆ ತೆಗೆಯುವ ಯತ್ನ ನಡೆಯಿತು. ಅದನ್ನು ತಡೆದದ್ದು ಯಂತ್ರವಲ್ಲ. ಊರಿನ ಜನರನ್ನು ಮುಖತಃ ಬಲ್ಲ ಒಬ್ಬರು ಪಟ್ಟಿಯನ್ನು ಕಣ್ಣಿಟ್ಟು ಓದಿದ್ದರಿಂದ ವಿಷಯ ಬೆಳಕಿಗೆ ಬಂತು. ಕಾಯಕವೆಂಬ ಮಾತಿಗೆ ಇದೇ ನಿದರ್ಶನ.

ಕಾರಣಗಳು

ಜನರ ಆಲಸ್ಯವೇ ಈ ಅವನತಿಗೆ ಕಾರಣವೆಂದು ತೀರ್ಪು ಕೊಡುವುದು ಸುಲಭ, ಆದರೆ ಅದು ನ್ಯಾಯವಲ್ಲ. ಆಳಂದ, ಅಫಜಲಪುರ, ಜೇವರ್ಗಿಗಳು ಬಹುಮಟ್ಟಿಗೆ ಮಳೆಯನ್ನು ನಂಬಿದ ತೊಗರಿಯ ನಾಡು. ಸುಗ್ಗಿ ಮುಗಿದೊಡನೆ ಅನೇಕ ಕುಟುಂಬಗಳು ಕೂಲಿಯನ್ನರಸಿ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗುತ್ತವೆ. ಊರಿನಲ್ಲುಳಿದವರಿಗೂ ಹಗಲು ಹೊತ್ತು ಸಭೆಗೆ ಬರುವುದೆಂದರೆ ಒಂದು ದಿನದ ಕೂಲಿಯನ್ನು ಕಳೆದುಕೊಳ್ಳುವುದು. ಹಾಗೆ ಬಂದು ಕೇಳಿದ ಪ್ರಶ್ನೆಗೆ ಮುಂದಿನ ಸಭೆಯಲ್ಲಿ ಉತ್ತರ ದೊರೆಯದಿದ್ದರೆ ಎರಡನೆಯ ಬಾರಿ ಬರುವವರು ಯಾರು?

ಇನ್ನೊಂದು ಕಾರಣ ಭಾಷೆಯಲ್ಲಿಯೇ ಕಾಣುತ್ತದೆ. ಪ್ರಜೆಯನ್ನು ಕರೆಯಲು ಆಡಳಿತದಲ್ಲಿ ಈಗ ಹೆಚ್ಚಾಗಿ ಬಳಕೆಯಾಗುವ ಶಬ್ದ ‘ಫಲಾನುಭವಿ’. ಫಲವನ್ನು ಅನುಭವಿಸುವವನು ಕೊಟ್ಟದ್ದನ್ನು ಪಡೆಯುತ್ತಾನೆ, ಕೃತಜ್ಞನಾಗಿರುತ್ತಾನೆ. ಬೀಜ ಬಿತ್ತುವಾಗ ಅವನನ್ನು ಯಾರೂ ಕರೆಯುವುದಿಲ್ಲ. ನೆರವು ಬಡವನ ಹಕ್ಕು, ಅದು ಬೇಡವೆನ್ನುವಂತಿಲ್ಲ. ಆದರೆ ಹಕ್ಕು ಉಪಕಾರದ ರೂಪ ತಾಳಿದಾಗ ಪ್ರಶ್ನೆ ಕೇಳುವ ನಾಲಿಗೆ ಕಟ್ಟಿಹೋಗುತ್ತದೆ.

ಈ ಸಮಸ್ಯೆ ಇಂದಿನದೂ ಅಲ್ಲ, ಈ ನಾಡೊಂದರದೂ ಅಲ್ಲ. ಪ್ರಾಚೀನ ಅಥೆನ್ಸಿನಲ್ಲಿ ನಾಗರಿಕರ ಮಹಾಸಭೆಗೆ ಜನ ಸಾಕಷ್ಟು ಬಾರದಿದ್ದಾಗ, ಕ್ರಿ. ಪೂ. 4ನೆಯ ಶತಮಾನದ ಆದಿಯ ಹೊತ್ತಿಗೆ ಹಾಜರಾದವರಿಗೆ ಭತ್ಯೆ ಕೊಡುವ ಏರ್ಪಾಡು ಬಂತು. ಸಭೆಗೆ ಬರುವುದೂ ಒಂದು ದುಡಿಮೆ ಎಂಬುದನ್ನು ಆ ಊರು ಒಪ್ಪಿಕೊಂಡಿತು. ಆದರೆ ಸ್ತ್ರೀಯರಿಗೂ ಗುಲಾಮರಿಗೂ ಆ ಸಭೆಯಲ್ಲಿ ಎಡೆಯಿರಲಿಲ್ಲ. ಸ್ವಿಟ್ಜರ್ಲೆಂಡಿನ ಗ್ಲಾರಸ್ ಪ್ರಾಂತದಲ್ಲಿ ಜನರು ವರ್ಷಕ್ಕೊಮ್ಮೆ ಬಯಲಿನಲ್ಲಿ ಸೇರಿ ಕೈಯೆತ್ತಿ ಕಾಯ್ದೆಗಳನ್ನು ಅಂಗೀಕರಿಸುವ ಪದ್ಧತಿ ಇಂದಿಗೂ ಉಳಿದಿದೆ. ಪಾರ್ಲಿಮೆಂಟಿನ ತವರೆನಿಸಿದ ಬ್ರಿಟನ್ನಿನಲ್ಲಿ 1950ರ ಮಹಾಚುನಾವಣೆಯಲ್ಲಿ ಶೇ 80ನ್ನು ಮೀರಿದ್ದ ಮತದಾನ 2001ರಲ್ಲಿ ಶೇ 59ಕ್ಕೆ ಇಳಿಯಿತು. ಸಂಸ್ಥೆ ಎಷ್ಟೇ ಹಳೆಯದಾದರೂ ನಿತ್ಯಪೋಷಣೆಯಿಲ್ಲದೆ ಬಾಳದು.

ಪ್ರಶ್ನೆಯ ಪರಂಪರೆ

12ನೆಯ ಶತಮಾನದ ಕಲ್ಯಾಣದ ಅನುಭವ ಮಂಟಪವನ್ನು ಇಂದಿನ ಸಂಸತ್ತಿಗೆ ಹೋಲಿಸುವುದು ವಾಡಿಕೆ. ಹೋಲಿಕೆಯಲ್ಲಿ ಎಚ್ಚರವಿರಬೇಕು. ಅದು ಚುನಾಯಿತ ಸಭೆಯಲ್ಲ. ಕಾಯ್ದೆ ಮಾಡುವುದಾಗಲಿ ತೆರಿಗೆ ಹಾಕುವುದಾಗಲಿ ಅದರ ಕೆಲಸವಾಗಿರಲಿಲ್ಲ. ಆದರೆ ಒಂದು ಅಂಶದಲ್ಲಿ ಆ ಹೋಲಿಕೆ ಸಲ್ಲುತ್ತದೆ. 15ನೆಯ ಶತಮಾನದಲ್ಲಿ ಸಂಕಲಿತವಾದ ಶೂನ್ಯಸಂಪಾದನೆಯನ್ನು ಓದಿದವರಿಗೆ ತಿಳಿದಿರುವಂತೆ, ಅಲ್ಲಿ ಪ್ರಶ್ನೆಗೆ ಒಳಗಾಗದವರು ಯಾರೂ ಇಲ್ಲ. ಅಕ್ಕಮಹಾದೇವಿಯನ್ನು ಅಲ್ಲಮಪ್ರಭುವು ಪ್ರಶ್ನಿಸುತ್ತಾನೆ, ಸಿದ್ಧರಾಮನನ್ನು ಪ್ರಶ್ನಿಸುತ್ತಾನೆ, ಮುಕ್ತಾಯಕ್ಕ ಅಲ್ಲಮನನ್ನೇ ಪ್ರಶ್ನಿಸುತ್ತಾಳೆ. ಬೇರೆ ಬೇರೆ ಕಾಯಕದವರು ಒಂದೆಡೆ ಕುಳಿತು, ಕೇಳಿ, ಹೇಳಿ, ಒಪ್ಪಿಸಿ, ಒಪ್ಪುವ ಆ ಕ್ರಮದಲ್ಲಿ ಕೇಳುವವನು ಶತ್ರುವೂ ಅಲ್ಲ, ಉತ್ತರಿಸುವವನು ಅಪರಾಧಿಯೂ ಅಲ್ಲ. ಗ್ರಾಮಸಭೆಗೆ ಬೇಕಾದ ಶಿಷ್ಟಾಚಾರ ಇದೇ.

ಇದನ್ನು ಮತ್ತೆ ರೂಢಿಸಿಕೊಳ್ಳಲು ದೊಡ್ಡ ಕ್ರಾಂತಿಯೇನೂ ಬೇಕಾಗಿಲ್ಲ. ಮತದಾರರ ಕರಡು ಪಟ್ಟಿ ಪ್ರಕಟವಾದಾಗ ಮನೆಯವರ ಹೆಸರುಗಳನ್ನೂ ನೆರೆಯ ಅನಕ್ಷರಸ್ಥರ ಹೆಸರುಗಳನ್ನೂ ಓದಿ ನೋಡುವುದು, ವಾರ್ಡುಸಭೆಯ ದಿನವನ್ನು ಮುಂಚಿತವಾಗಿ ಡಂಗುರ ಸಾರಿಸುವಂತೆ ಕೇಳುವುದು, ಕೂಲಿಯವರು ಬರಬಹುದಾದ ಸಂಜೆಯ ಹೊತ್ತಿಗೆ ಸಭೆ ಇಡಿಸುವುದು, ನಡಾವಳಿಯನ್ನು ಓದಿಸಿ ಕೇಳಿದ ಮೇಲೆಯೇ ಸಹಿ ಮಾಡುವುದು, ಚುನಾಯಿತಳಾದ ಹೆಣ್ಣುಮಗಳಿಗೆ ಕುರ್ಚಿಯನ್ನೂ ಮಾತನ್ನೂ ಬಿಟ್ಟುಕೊಡುವುದು, ಅವಧಿ ಮುಗಿದ ಸಭೆಗೆ ಚುನಾವಣೆ ಯಾವಾಗ ಎಂದು ಲಿಖಿತವಾಗಿ ಕೇಳುವುದು, ಇವೆಲ್ಲ ಸಾಮಾನ್ಯ ಪ್ರಜೆಯ ಶಕ್ತಿಗೆ ಮೀರಿದವಲ್ಲ. ಓದುಬರಹ ಬಲ್ಲ ತರುಣರು ಊರಿಗೊಬ್ಬರಂತೆ ಈ ಕೆಲಸಕ್ಕೆ ನಿಂತರೂ ಬಹಳವಾಯಿತು.

ನಿಜಾಮನ ಕಾಲದಲ್ಲಿ ಈ ನೆಲದ ರೈತನಿಗೆ ಕೇಳುವ ಹಕ್ಕಿರಲಿಲ್ಲ. ಆದುದರಿಂದ ಅವನ ಮೌನಕ್ಕೆ ಅವನು ಹೊಣೆಯಾಗಿರಲಿಲ್ಲ. ಅವನ ಮೊಮ್ಮಕ್ಕಳಿಗೆ ಆ ಹಕ್ಕು ಇದೆ. ಹಕ್ಕಿದ್ದೂ ಕೇಳದ ಮೌನಕ್ಕೆ ಹೊಣೆ ಇನ್ನೊಬ್ಬರದಾಗಲಾರದು.